ತಿಂಡಿ ಬದಲು ಬ್ಲ್ಯಾಕ್ ಕಾಫಿ ಕುಡಿದೆ, ತೂಕ ಯಾಕೆ ವಾಪಸ್ ಬಂತು?

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 41 ವರ್ಷ, ಹೈಸ್ಕೂಲ್ ಟೀಚರ್. ಎತ್ತರ 5 ಅಡಿ 2 ಇಂಚು. ಐದು ತಿಂಗಳ ಹಿಂದೆ ತೂಕ 75 ಕೆಜಿ ಇತ್ತು. ಒಂದು ವಿಡಿಯೋ ನೋಡಿ ಬೆಳಿಗ್ಗೆ ತಿಂಡಿ ಬಿಟ್ಟೆ. ಅದರ ಬದಲು ನಿಂಬೆರಸ ಹಿಂಡಿದ ಬ್ಲ್ಯಾಕ್ ಕಾಫಿ ಎರಡು ಲೋಟ. ಮೊದಲ ತಿಂಗಳೇ 72ಕ್ಕೆ ಇಳಿದೆ. ಆಮೇಲೆ ಅಲ್ಲೇ ನಿಂತಿತು, ಈಗ ಮತ್ತೆ 74. ಮೊದಲು ದಿನಕ್ಕೆ ಎರಡೇ ಸಲ ಕಾಫಿ. ಈಗ ಬ್ಲ್ಯಾಕ್ ಕಾಫಿ ಅಲ್ಲದೆ ಸ್ಟಾಫ್ ರೂಮಿನಲ್ಲಿ ಹನ್ನೊಂದಕ್ಕೊಂದು, ಊಟ ಆದ ತಕ್ಷಣ ಒಂದು, ಸಂಜೆ ಮನೆಗೆ ಬಂದು ಒಂದು, ರಾತ್ರಿ ಎಂಟೂವರೆಗೆ ಪೇಪರ್ ತಿದ್ದುವಾಗ ಇನ್ನೊಂದು. ಇವು ನಾಲ್ಕೂ ಹಾಲು-ಸಕ್ಕರೆ ಹಾಕಿದ್ದು. ಥೈರಾಯ್ಡ್‌ಗೆ 50 ಮೈಕ್ರೋಗ್ರಾಂ ಮಾತ್ರೆ ಇದೆ, ಎದ್ದ ಕೂಡಲೇ ನುಂಗಿ ಹತ್ತು ನಿಮಿಷಕ್ಕೆ ಕಾಫಿ ಕುಡಿಯುತ್ತೇನೆ. ಹಿಮೋಗ್ಲೋಬಿನ್ 9.8. ನಿದ್ದೆ ಸರಿಯಾಗಿ ಬರುತ್ತಿಲ್ಲ, ಎದೆಯುರಿ ಬೇರೆ. ಅತ್ತೆ ‘ಕಾಫಿ ಕುಡಿದೇ ದಪ್ಪ ಆಗಿದ್ದೀಯ, ಪೂರ್ತಿ ಬಿಡು’ ಅಂತಾರೆ. ನಾದಿನಿ ಆನ್‌ಲೈನಲ್ಲಿ ತರಿಸಿದ ‘ಗ್ರೀನ್ ಕಾಫಿ’ ಸ್ಯಾಚೆ ಕೊಟ್ಟು ಇದನ್ನು ಕುಡಿ ಅಂತಾಳೆ. ಯಾರ ಮಾತು ಕೇಳಲಿ?

ಉತ್ತರ: ಅತ್ತೆಯವರ ಮಾತಿನಲ್ಲಿ ಅರ್ಧ ನಿಜ ಇದೆ. ವಿಡಿಯೋದಲ್ಲಿ ಚೂರು ನಿಜ ಇದೆ. ನಾದಿನಿಯವರ ಸ್ಯಾಚೆಯೊಳಗೆ ಏನಿದೆ ಅಂತ ಅವರಿಗೂ ಗೊತ್ತಿರುವುದಿಲ್ಲ, ಹಾಗಾಗಿ ಅದನ್ನು ಮುಟ್ಟಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಮೂರು ಸಾಲುಗಳ ಕೆಳಗೆ ಗೆರೆ ಎಳೆದುಕೊಂಡೆ. ಎರಡು ಕಾಫಿ ಆರಾಗಿದ್ದು. ಮಾತ್ರೆಗೂ ಕಾಫಿಗೂ ಹತ್ತೇ ನಿಮಿಷ ಅಂತರ. ರಾತ್ರಿ ಎಂಟೂವರೆಯ ಲೋಟ. ನಿಮ್ಮ ತೂಕದ ಕಥೆ ಬಹುತೇಕ ಈ ಮೂರರಲ್ಲೇ ಇದೆ. ಕಾಫಿ ಕೊಬ್ಬು ಕರಗಿಸುತ್ತದೋ ಇಲ್ಲವೋ ಅನ್ನುವುದು ನಿಮ್ಮ ವಿಷಯದಲ್ಲಿ ಚಿಕ್ಕ ಪ್ರಶ್ನೆ. ಆದರೆ ಕೇಳಿದ್ದೀರಿ, ಅದನ್ನೇ ಮೊದಲು ಮುಗಿಸೋಣ.

ದಿನವಿಡೀ ಎಚ್ಚರ ಇದ್ದಂತೆಲ್ಲ ಮೆದುಳಿನಲ್ಲಿ ಅಡೆನೋಸಿನ್ ಅನ್ನುವ ವಸ್ತು ಕೂಡುತ್ತಾ ಹೋಗುತ್ತದೆ. ಅದು ತನ್ನ ಜಾಗದಲ್ಲಿ ಕೂತಾಗ ಆಯಾಸ, ತೂಕಡಿಕೆ ಬರುತ್ತದೆ. ಜಾತ್ರೆ ದಿನ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಕೆಫೀನ್ ಹಾಗೆ ಆ ಜಾಗವನ್ನು ಮೊದಲೇ ಹಿಡಿದುಬಿಡುತ್ತದೆ. ಆಯಾಸ ಇದ್ದಲ್ಲೇ ಇರುತ್ತದೆ, ನಮಗೆ ಗೊತ್ತಾಗುವುದಿಲ್ಲ ಅಷ್ಟೇ. ಜೊತೆಗೆ ಅಡ್ರಿನಲಿನ್ ಸ್ವಲ್ಪ ಏರುತ್ತದೆ. ಹೃದಯ ಒಂಚೂರು ಜೋರಾಗಿ ಬಡಿಯುತ್ತದೆ. ಸುಮ್ಮನೆ ಕೂತಿದ್ದರೂ ದೇಹ ಸುಡುವ ಶಕ್ತಿ ಕೊಂಚ ಜಾಸ್ತಿಯಾಗುತ್ತದೆ. ‘ಕಾಫಿ ಕೊಬ್ಬು ಕರಗಿಸುತ್ತದೆ’ ಅನ್ನುವ ಮಾತು ಹುಟ್ಟಿದ್ದು ಇಲ್ಲಿಂದ.

ಆ ‘ಕೊಂಚ’ ಎಷ್ಟು? 1989ರಲ್ಲಿ ಪ್ರಕಟವಾದ, ಈಗಲೂ ಎಲ್ಲರೂ ಎತ್ತಿ ಹೇಳುವ ಒಂದು ಅಧ್ಯಯನ ಇದೆ. 100 ಮಿಲಿಗ್ರಾಂ ಕೆಫೀನ್ ಕೊಟ್ಟಾಗ ಮುಂದಿನ ಎರಡೂವರೆ ಗಂಟೆ ಕಾಲ ವಿಶ್ರಾಂತಿಯಲ್ಲಿ ಸುಡುವ ಶಕ್ತಿ ಶೇಕಡಾ 3ರಿಂದ 4ರಷ್ಟು ಏರಿತು. ನಿಮ್ಮ ಮೈಕಟ್ಟಿನವರು ಸುಮ್ಮನಿದ್ದರೂ ದಿನಕ್ಕೆ ಸುಮಾರು 1,400 ಕ್ಯಾಲೊರಿ ಸುಡುತ್ತಾರೆ ಅಂದುಕೊಳ್ಳಿ. ಎರಡೂವರೆ ಗಂಟೆಗೆ ಅದು ಹೆಚ್ಚುಕಮ್ಮಿ 145. ಅದರ ಶೇಕಡಾ 4 ಅಂದರೆ ಐದಾರು ಕ್ಯಾಲೊರಿ. ಒಂದು ಸ್ಟ್ರಾಂಗ್ ಕಾಫಿ ನಿಮಗೆ ಉಳಿಸಿಕೊಡುವುದು ಇಷ್ಟು. ಅದಕ್ಕೆ ಹಾಕುವ ಒಂದೇ ಒಂದು ಚಮಚ ಸಕ್ಕರೆಯಲ್ಲಿ ಇದರ ಮೂರು-ನಾಲ್ಕು ಪಟ್ಟು ಇರುತ್ತದೆ.

ಅದೇ ಅಧ್ಯಯನದಲ್ಲಿ ಎರಡೆರಡು ಗಂಟೆಗೊಮ್ಮೆ 100 ಮಿಲಿಗ್ರಾಂನಂತೆ ಹನ್ನೆರಡು ಗಂಟೆ ಕೊಟ್ಟೂ ನೋಡಿದರು. ತೆಳ್ಳಗಿದ್ದವರು ದಿನಕ್ಕೆ 150 ಕ್ಯಾಲೊರಿ ಹೆಚ್ಚು ಸುಟ್ಟರು. ಹಿಂದೆ ದಪ್ಪಗಿದ್ದು ತೂಕ ಇಳಿಸಿಕೊಂಡಿದ್ದವರಲ್ಲಿ ಅದು 79ಕ್ಕೇ ನಿಂತಿತು. ಅಂದರೆ ಯಾರಿಗೆ ಬೇಕೋ ಅವರಿಗೇ ಲಾಭ ಕಮ್ಮಿ. ಅದೂ ದಿನಾ ಕುಡಿಯುವವರಲ್ಲಿ ದೇಹ ಕೆಫೀನಿಗೆ ಒಗ್ಗಿಕೊಂಡುಬಿಡುತ್ತದೆ, ಪರಿಣಾಮ ಮಂಕಾಗುತ್ತದೆ.

ಹಾಗಂತ ಕಾಫಿಗೂ ತೂಕಕ್ಕೂ ಸಂಬಂಧವೇ ಇಲ್ಲ ಅನ್ನಲಾರೆ. ಸಿಂಗಪುರದಲ್ಲಿ ತೂಕ ಹೆಚ್ಚಿದ್ದ 126 ಜನರ ಮೇಲೆ 24 ವಾರ ಒಂದು ಪ್ರಯೋಗ ನಡೆದಿತ್ತು. ಅದರಲ್ಲಿ ನಮ್ಮ ಭಾರತೀಯ ಮೂಲದವರೂ ಇದ್ದರು. 2020ರಲ್ಲಿ ಅದರ ಫಲಿತಾಂಶ ಬಂತು. ದಿನಕ್ಕೆ ನಾಲ್ಕು ಕಪ್ ಕಾಫಿ ಕುಡಿದವರಲ್ಲಿ ಕೊಬ್ಬಿನ ಪ್ರಮಾಣ ಶೇಕಡಾ 3.7ರಷ್ಟು ಕಮ್ಮಿಯಾಯಿತು. 30 ಕೆಜಿ ಕೊಬ್ಬಿದ್ದವರಿಗೆ ಇದು ಆರು ತಿಂಗಳಿಗೆ ಒಂದು ಕೆಜಿ ಚಿಲ್ಲರೆ. ಕಾಫಿಯಿಂದ ಸಿಗಬಹುದಾದ ಒಳ್ಳೆಯ ಸುದ್ದಿ ಅಂದರೆ ಇಷ್ಟೇ.

2023ರಲ್ಲಿ ಅಮೆರಿಕದ ನರ್ಸ್‌ಗಳು ಮತ್ತು ಇತರ ಆರೋಗ್ಯ ಸಿಬ್ಬಂದಿಯನ್ನು ವರ್ಷಗಟ್ಟಲೆ ಗಮನಿಸಿದ ಹಾರ್ವರ್ಡ್ ತಂಡದ ಲೆಕ್ಕವೂ ಬಂತು. ಸಕ್ಕರೆ ಹಾಕದ ಕಾಫಿ ದಿನಕ್ಕೆ ಒಂದು ಕಪ್ ಹೆಚ್ಚಿಸಿಕೊಂಡವರಲ್ಲಿ ನಾಲ್ಕು ವರ್ಷದಲ್ಲಿ ತೂಕ ಏರಿಕೆ 120 ಗ್ರಾಂ ಕಮ್ಮಿ ಇತ್ತು. ಒಂದು ಚಮಚ ಸಕ್ಕರೆ ಸೇರಿಸಿಕೊಂಡವರಲ್ಲಿ 90 ಗ್ರಾಂ ಜಾಸ್ತಿ. ಇದರಲ್ಲಿ ನನಗೆ ತುಂಬಾ ಇಷ್ಟವಾದ ವಿಷಯ ಬೇರೆ. ಕೆಫೀನ್ ತೆಗೆದ ಕಾಫಿಯಲ್ಲೂ ಹೆಚ್ಚುಕಮ್ಮಿ ಇದೇ ಅಂಕಿ ಸಿಕ್ಕಿತು. ಅಂದರೆ ಇದೆಲ್ಲ ಕೆಫೀನಿನ ಮಹಿಮೆ ಅಂತ ಹೇಳುವ ಹಾಗಿಲ್ಲ. ಕಾಫಿ ಇಷ್ಟೆಲ್ಲ ಗ್ರಾಂ ಲೆಕ್ಕದ ಆಟ ಆಡುತ್ತಿದೆ, ನಾವು ಅದರಿಂದ ಹತ್ತು ಕೆಜಿ ಕೇಳುತ್ತಿದ್ದೇವೆ.

ಹಾಗಾದರೆ ನಿಮಗೆ ಮೊದಲ ತಿಂಗಳು ಇಳಿದ ಮೂರು ಕೆಜಿ ಎಲ್ಲಿ ಹೋಯಿತು?

ತಿಂಡಿ ಬಿಟ್ಟಿರಿ. ಉಪ್ಪಿಟ್ಟೋ ಚಿತ್ರಾನ್ನವೋ ಇಡ್ಲಿ-ಚಟ್ನಿಯೋ, ದಿನಕ್ಕೆ ಸುಮಾರು 300 ಕ್ಯಾಲೊರಿ ಹೊರಗಡೆ ಹೋಯಿತು. ಇಳಿದದ್ದು ಅದರಿಂದ. ಅಲ್ಲದೆ ಹೊಸದಾಗಿ ಕಮ್ಮಿ ತಿನ್ನಲು ಶುರು ಮಾಡಿದಾಗ ದೇಹ ತನ್ನಲ್ಲಿ ಕೂಡಿಟ್ಟಿದ್ದ ಪಿಷ್ಟ ಬಳಸುತ್ತದೆ. ಅದರ ಜೊತೆ ಇದ್ದ ನೀರೂ ಹೋಗುತ್ತದೆ. ಮೊದಲ ವಾರಗಳಲ್ಲಿ ತೂಕದ ಯಂತ್ರ ತೋರಿಸುವ ಇಳಿಕೆಯಲ್ಲಿ ನೀರಿನ ಪಾಲು ದೊಡ್ಡದು. ಕಾಫಿ ಕುಡಿದಾಗ ಮೂತ್ರ ಸ್ವಲ್ಪ ಜಾಸ್ತಿ ಹೋಗುತ್ತದೆ ನಿಜ, ಆದರೆ ರೂಢಿ ಇರುವವರಲ್ಲಿ ಅದು ಗಣನೆಗೆ ಬರುವಷ್ಟಿಲ್ಲ. ನಿಂಬೆರಸದ ಪಾತ್ರ ಇದರಲ್ಲಿ ಸೊನ್ನೆ. ಎದೆಯುರಿ ಇರುವ ನೀವು ಖಾಲಿ ಹೊಟ್ಟೆಗೆ ಕಾಫಿಯನ್ನೂ ಹುಳಿಯನ್ನೂ ಒಟ್ಟಿಗೆ ಸುರಿಯುವುದಕ್ಕೆ ಯಾವ ಕಾರಣವೂ ಇಲ್ಲ. ಹಲ್ಲಿನ ಮೇಲ್ಪದರಕ್ಕೂ ಅದು ಒಳ್ಳೆಯದಲ್ಲ.

ಆಮೇಲೆ ಏನಾಯಿತು ಅಂತ ನಿಮ್ಮ ಪತ್ರವೇ ಹೇಳುತ್ತಿದೆ. ಕೆಫೀನ್ ಹಸಿವನ್ನು ಸ್ವಲ್ಪ ಹೊತ್ತು ಮುಂದೂಡುತ್ತದೆ. ಬೆಳಿಗ್ಗೆ ಕಮ್ಮಿ ತಿಂದದ್ದನ್ನು ಜನ ದಿನದ ಉಳಿದ ಹೊತ್ತಿನಲ್ಲಿ ತಿಂದು ಸರಿದೂಗಿಸುತ್ತಾರೆ. ನಿಮಗೆ ಆ ಹೊತ್ತು ಬಂದದ್ದು ಹನ್ನೊಂದಕ್ಕೆ, ಸ್ಟಾಫ್ ರೂಮಿನಲ್ಲಿ. ಅಲ್ಲಿ ಬರೀ ಕಾಫಿ ಇರುತ್ತಾ? ಯಾರದೋ ಮೊಮ್ಮಗನ ನಾಮಕರಣದ ಮೈಸೂರ್ ಪಾಕ್, ಇನ್ಯಾರೋ ಊರಿಂದ ತಂದ ನಿಪ್ಪಟ್ಟು, ಏನೂ ಇಲ್ಲದಿದ್ದರೆ ಬಿಸ್ಕತ್ ಪ್ಯಾಕೆಟ್. ಇದನ್ನು ನೀವು ಬರೆದಿಲ್ಲ, ನಾನು ಊಹಿಸುತ್ತಿದ್ದೇನೆ. ತಪ್ಪಿದ್ದರೆ ಕ್ಷಮಿಸಿ. ಆದರೆ ನನ್ನ ಹತ್ತಿರ ಬರುವ ಟೀಚರುಗಳಲ್ಲಿ ಕಾಫಿಯನ್ನು ಒಂಟಿಯಾಗಿ ಕುಡಿಯುವವರು ತೀರಾ ಅಪರೂಪ.

ಈಗ ಹಾಲಿನ ಕಾಫಿಯ ಲೆಕ್ಕ. ಕ್ಲಿನಿಕ್ಕಿಗೆ ಬರುವವರಿಗೆ ನಾನು ‘ನಿಮ್ಮ ಮನೆಯ ಲೋಟ ಮತ್ತು ಸಕ್ಕರೆ ಡಬ್ಬಿಯ ಚಮಚ ತನ್ನಿ’ ಅಂತ ಹೇಳುವುದುಂಟು. ಮೇಜಿನ ಮೇಲೆ ಅಡುಗೆಮನೆಯ ಸಣ್ಣ ತಕ್ಕಡಿ ಇರುತ್ತದೆ. ‘ಮನೇಲಿ ಹೇಗೆ ಹಾಕ್ತೀರೋ ಹಾಗೇ ಹಾಕಿ’ ಅನ್ನುತ್ತೇನೆ. ಪುಸ್ತಕದ ಪ್ರಕಾರ ಒಂದು ಟೀ ಚಮಚ ಸಕ್ಕರೆ ಅಂದರೆ ನಾಲ್ಕೈದು ಗ್ರಾಂ. ಅದು ಅಂಚಿಗೆ ಸಮ ಮಾಡಿದ ಚಮಚ. ಮನೆಯಲ್ಲಿ ಯಾರು ಸಮ ಮಾಡುತ್ತಾರೆ? ಗೋಪುರ ಕಟ್ಟಿ ತೆಗೆದ ಚಮಚ ತಕ್ಕಡಿಯ ಮೇಲೆ ಆರು, ಕೆಲವೊಮ್ಮೆ ಏಳು ತೋರಿಸುತ್ತದೆ. ಆಮೇಲೆ ‘ಒಂಚೂರು’ ಅಂತ ಅರ್ಧ ಚಮಚ ಬೇರೆ ಬೀಳುತ್ತದೆ. ಆ ಅರ್ಧವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಕೈ ತಾನಾಗಿ ಹಾಕುತ್ತದೆ.

ಎರಡು ತುಂಬಿದ ಚಮಚ 12 ಗ್ರಾಂ ಅಂತ ಹಿಡಿದರೆ ಸಕ್ಕರೆಯಿಂದಲೇ 48 ಕ್ಯಾಲೊರಿ. 100 ಎಂ.ಎಲ್. ಹಾಲು, ನೀಲಿ ಪ್ಯಾಕೆಟ್ಟಿನ 3% ಕೊಬ್ಬಿನದ್ದಾದರೆ ಸುಮಾರು 60. ಗಟ್ಟಿ ಹಾಲಿನದ್ದಾದರೆ 85ರಿಂದ 90. ಡಿಕಾಕ್ಷನ್ ಲೆಕ್ಕಕ್ಕೇ ಬರುವುದಿಲ್ಲ, ಎರಡು ಮೂರು ಕ್ಯಾಲೊರಿ. ಹೀಗೆ ಒಂದು ಲೋಟಕ್ಕೆ 110ರ ಹತ್ತಿರ. ನಾಲ್ಕು ಲೋಟಕ್ಕೆ 430 ಚಿಲ್ಲರೆ. ಬಿಟ್ಟಿದ್ದು 300ರ ತಿಂಡಿ. ಮೊದಲು ಎರಡು ಲೋಟ ಇದ್ದದ್ದು ಈಗ ನಾಲ್ಕಾಗಿದೆ ಅಂದರೆ ಉಳಿಸಿದ್ದರಲ್ಲಿ 220 ಹಾಗೇ ವಾಪಸ್ ಬಂತು. ಒಂದೆರಡು ಬಿಸ್ಕತ್ ಸೇರಿತು ಅಂದರೆ ಉಳಿತಾಯ ಪೂರ್ತಿ ಖಾಲಿ. ಅತ್ತೆಯವರ ಮಾತು ಅರ್ಧ ನಿಜ ಅಂದಿದ್ದು ಇದಕ್ಕೇ. ದಪ್ಪ ಮಾಡುವ ಗುಣ ಕಾಫಿಪುಡಿಗಿಲ್ಲ, ಅದರ ಸುತ್ತ ಇರುವ ಬಳಗಕ್ಕಿದೆ.

ಬೆಲ್ಲ ಹಾಕಿದರೆ ಆಗಬಹುದಾ ಅಂತ ನೀವು ಕೇಳುವ ಮುಂಚೆಯೇ ಹೇಳಿಬಿಡುತ್ತೇನೆ. ಮಲೆನಾಡಿನ ಬೆಲ್ಲದ ಕಾಫಿ ನನಗೂ ಪ್ರಾಣ. ಆದರೆ ತೂಕದ ಲೆಕ್ಕದಲ್ಲಿ ಬೆಲ್ಲವೂ ಸಕ್ಕರೆಯೂ ಅಣ್ಣತಮ್ಮ. ತುಪ್ಪ ಅಥವಾ ಬೆಣ್ಣೆ ಹಾಕಿದ ಕಾಫಿ ಇನ್ನೊಂದು ಫ್ಯಾಷನ್. ಒಂದು ದೊಡ್ಡ ಚಮಚ ತುಪ್ಪದಲ್ಲಿ 120ಕ್ಕೂ ಹೆಚ್ಚು ಕ್ಯಾಲೊರಿ ಇರುತ್ತದೆ. ಅದನ್ನು ಕುಡಿದು ಮಧ್ಯಾಹ್ನದವರೆಗೆ ಏನೂ ತಿನ್ನದವರ ಮಾತು ಬೇರೆ. ಕುಡಿದು ದೋಸೆಯನ್ನೂ ತಿನ್ನುವವರಿಗೆ ಬರೀ ನಷ್ಟ.

ಇನ್ನು ರಾತ್ರಿಯ ಲೋಟ. ನಿಮ್ಮ ಆರರಲ್ಲಿ ನನಗೆ ಜಾಸ್ತಿ ಚಿಂತೆ ತಂದದ್ದು ಇದೇ.

ಕುಡಿದ ಕೆಫೀನಿನಲ್ಲಿ ಅರ್ಧ ಭಾಗ ರಕ್ತದಿಂದ ಇಳಿಯಲು ಸರಾಸರಿ ಐದು ಗಂಟೆ ಬೇಕು. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಸುಮಾರು ಎರಡು ಪಟ್ಟಾಗುತ್ತದೆ. ಎಂಟೂವರೆಗೆ ಕುಡಿದರೆ ರಾತ್ರಿ ಒಂದೂವರೆಗೂ ಅರ್ಧ ಕಾಫಿ ಮೈಯಲ್ಲೇ ಇರುತ್ತದೆ. ‘ನಂಗೆ ಕಾಫಿ ಕುಡಿದ್ರೂ ನಿದ್ದೆ ಬರುತ್ತೆ’ ಅನ್ನುವವರು ತುಂಬಾ ಜನ. ಬರುತ್ತದೆ, ಆದರೆ ಆಳ ಇರುವುದಿಲ್ಲ. ಮಲಗುವ ಆರು ಗಂಟೆ ಮುಂಚೆ 400 ಮಿಲಿಗ್ರಾಂ ಕೆಫೀನ್ ಕೊಟ್ಟು ನೋಡಿದಾಗ ನಿದ್ದೆ ಒಂದು ಗಂಟೆಗೂ ಹೆಚ್ಚು ಕಮ್ಮಿಯಾಗಿತ್ತು.

ನಿದ್ದೆಗೂ ತೂಕಕ್ಕೂ ಏನು ಸಂಬಂಧ? 2010ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದವರು ಹತ್ತು ಜನರಿಗೆ ಒಂದೇ ಬಗೆಯ ಪಥ್ಯದ ಊಟ ಕೊಟ್ಟರು. ಎರಡು ವಾರ ರಾತ್ರಿ ಎಂಟೂವರೆ ಗಂಟೆ ಹಾಸಿಗೆ, ಇನ್ನೆರಡು ವಾರ ಐದೂವರೆ ಗಂಟೆ. ಎರಡು ಸಲವೂ ತೂಕ ಹೆಚ್ಚುಕಮ್ಮಿ ಒಂದೇ ಥರ, ಸುಮಾರು ಮೂರು ಕೆಜಿ ಇಳಿಯಿತು. ಆದರೆ ಚೆನ್ನಾಗಿ ಮಲಗಿದಾಗ ಅದರಲ್ಲಿ 1.4 ಕೆಜಿ ಕೊಬ್ಬು. ನಿದ್ದೆಗೆಟ್ಟಾಗ ಕೊಬ್ಬು 0.6 ಕೆಜಿ ಮಾತ್ರ, ಉಳಿದದ್ದು ಮಾಂಸಖಂಡ ಮುಂತಾದದ್ದು. ಹಸಿವೂ ಜಾಸ್ತಿಯಾಗಿತ್ತು. ಜನ ಕಮ್ಮಿ ಇದ್ದ ಅಧ್ಯಯನ, ಆದರೂ ಕ್ಲಿನಿಕ್ಕಿನಲ್ಲಿ ನಾನು ನೋಡುವುದಕ್ಕೆ ತಾಳೆಯಾಗುತ್ತದೆ. ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಸುಸ್ತು, ಸುಸ್ತಿಗೆ ಕಾಫಿ, ಕಾಫಿಗೆ ಸಕ್ಕರೆ, ರಾತ್ರಿ ಮತ್ತೆ ನಿದ್ದೆ ಇಲ್ಲ.

ಈ ಸುತ್ತಿಗೆ ನಿಮ್ಮಲ್ಲಿ ಇನ್ನೆರಡು ಸೇರಿಕೊಂಡಿವೆ. ಥೈರಾಯ್ಡ್ ಮತ್ತು ರಕ್ತಹೀನತೆ.

ಥೈರಾಯ್ಡ್ ಮಾತ್ರೆಯನ್ನು ಬರೀ ನೀರಲ್ಲಿ ನುಂಗಬೇಕು. ಆಮೇಲೆ ಕಮ್ಮಿ ಅಂದರೂ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಕಾಫಿ ಮುಟ್ಟಬಾರದು. ಕಾಫಿ ಆ ಮಾತ್ರೆ ಕರುಳಿನಲ್ಲಿ ಹೀರಿಕೊಳ್ಳುವುದಕ್ಕೆ ಅಡ್ಡಿ ಮಾಡುತ್ತದೆ, ಬ್ಲ್ಯಾಕ್ ಆದರೂ ಅಷ್ಟೇ. ಹತ್ತು ನಿಮಿಷದ ಅಂತರದಲ್ಲಿ ನೀವು 50 ಮೈಕ್ರೋಗ್ರಾಂ ನುಂಗಿದರೂ ಒಳಗೆ ಹೋಗುವುದು ಅದಕ್ಕಿಂತ ಕಮ್ಮಿ. ಮಾತ್ರೆ ಸಾಲದೆ ಹೋದರೆ ಮೈ ಭಾರ, ಸುಸ್ತು, ಮಲಬದ್ಧತೆ, ತೂಕ ಇಳಿಯದಿರುವುದು ಎಲ್ಲವೂ ಬರಬಹುದು. ಡೋಸ್ ಏರಿಸುವ ಮುಂಚೆ ಸಮಯ ಸರಿಮಾಡಿ ನೋಡುವುದು ವಾಸಿ. ಆದರೆ ಡೋಸಿನ ನಿರ್ಧಾರ ನಿಮ್ಮ ಡಾಕ್ಟರದ್ದು, ನನ್ನದಲ್ಲ.

ಹಿಮೋಗ್ಲೋಬಿನ್ 9.8 ಅಂದರೆ ಸಣ್ಣ ವಿಷಯವಲ್ಲ. ಹೆಂಗಸರಿಗೆ ಅದು 12 ಇರಬೇಕು. ಇದರಲ್ಲಿ ಊಟ ಆದ ತಕ್ಷಣದ ಕಾಫಿಯ ಪಾಲೂ ಇರಬಹುದು. 1983ರ ಒಂದು ಅಧ್ಯಯನದಲ್ಲಿ ಊಟದ ಜೊತೆ ಒಂದು ಕಪ್ ಕಾಫಿ ಕುಡಿದಾಗ ಆ ಊಟದ ಕಬ್ಬಿಣದಂಶ ಹೀರಿಕೆ ಶೇಕಡಾ 39ರಷ್ಟು ಬಿದ್ದುಹೋಯಿತು. ಟೀ ಕುಡಿದಾಗ ಶೇಕಡಾ 64. ಊಟಕ್ಕೆ ಒಂದು ಗಂಟೆ ಮುಂಚೆ ಕುಡಿದರೆ ಏನೂ ಆಗಲಿಲ್ಲ. ಊಟವಾಗಿ ಒಂದು ಗಂಟೆಗೆ ಕುಡಿದರೆ ಮಾತ್ರ ಜೊತೆಗೇ ಕುಡಿದಷ್ಟೇ ಅಡ್ಡಿ. ಇದಕ್ಕೆ ಕಾರಣ ಕಾಫಿಯಲ್ಲಿರುವ ಒಗರಿನ ಅಂಶಗಳು, ಕೆಫೀನ್ ಅಲ್ಲ. ಕೆಫೀನ್ ತೆಗೆದ ಕಾಫಿ ತಂದರೂ ಇದು ತಪ್ಪುವುದಿಲ್ಲ. ರಾಗಿ, ಸೊಪ್ಪು, ಕಾಳು ತಿಂದು ಮೇಲೆ ಒಂದು ಲೋಟ ಕಾಫಿ ಕುಡಿದರೆ, ಮೊದಲೇ ಕಷ್ಟಪಟ್ಟು ಸಿಗುವ ಸಸ್ಯಾಹಾರದ ಕಬ್ಬಿಣವನ್ನು ಬಾಗಿಲಿಂದಲೇ ಕಳಿಸಿದ ಹಾಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐ.ಸಿ.ಎಂ.ಆರ್.) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಆಹಾರ ಮಾರ್ಗಸೂಚಿಯಲ್ಲೂ ಊಟಕ್ಕೆ ಕನಿಷ್ಠ ಒಂದು ಗಂಟೆ ಮುಂಚೆ, ಒಂದು ಗಂಟೆ ನಂತರ ಕಾಫಿ-ಟೀ ಬೇಡ ಅಂದಿದ್ದಾರೆ. ನಿಮ್ಮ ರಕ್ತ ಇಷ್ಟು ಕಮ್ಮಿ ಇರುವಾಗ ಊಟದ ನಂತರ ಎರಡು ಗಂಟೆ ಬಿಡಿ ಅನ್ನುತ್ತೇನೆ. ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ಅದನ್ನೂ ಥೈರಾಯ್ಡ್ ಮಾತ್ರೆಯನ್ನೂ ಒಟ್ಟಿಗೆ ನುಂಗಬೇಡಿ, ನಾಲ್ಕು ಗಂಟೆ ಅಂತರ ಇರಲಿ. ಮುಟ್ಟಿನ ಸಮಯದಲ್ಲಿ ಹೆಚ್ಚು ರಕ್ತ ಹೋಗುತ್ತಿದೆಯಾ ಅನ್ನುವುದನ್ನೂ ತೋರಿಸಿಕೊಳ್ಳಿ. 41ರಲ್ಲಿ 9.8 ಬಂದಾಗ ಎಲ್ಲ ತಪ್ಪನ್ನೂ ಕಾಫಿಯ ತಲೆಗೆ ಕಟ್ಟುವುದು ಸರಿಯಲ್ಲ.

ಅದೇ ಮಾರ್ಗಸೂಚಿ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ದಾಟಬೇಡಿ ಅನ್ನುತ್ತದೆ. 150 ಎಂ.ಎಲ್. ಫಿಲ್ಟರ್ ಕಾಫಿಗೆ 80ರಿಂದ 120, ಇನ್‌ಸ್ಟಂಟ್ ಕಾಫಿಗೆ 50ರಿಂದ 65, ಟೀಗೆ 30ರಿಂದ 65 ಅಂತ ಅವರ ಲೆಕ್ಕ. ನಮ್ಮ ಮನೆಗಳ ಕಾಫಿಯಲ್ಲಿ ಇದು ಹಿಂದೆಮುಂದೆ ಆಗುತ್ತದೆ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಹಾಗಾಗಿ 60-40ರ ಪುಡಿಗಿಂತ 80-20ರ ಪುಡಿಯಲ್ಲಿ ಕೆಫೀನ್ ಜಾಸ್ತಿ. ರೋಬಸ್ಟಾ ಬೀಜದಲ್ಲಿ ಅರೇಬಿಕಾಗಿಂತ ಹೆಚ್ಚುಕಮ್ಮಿ ಎರಡು ಪಟ್ಟು. ಆದರೂ ಆರು ಲೋಟ ಅಂದರೆ ಚಿಕೋರಿ ಕಳೆದು ಲೆಕ್ಕ ಹಾಕಿದರೂ ನೀವು 300ರ ಗೆರೆ ದಾಟಿರುವ ಸಾಧ್ಯತೆಯೇ ಹೆಚ್ಚು.

ಈಗ ಗ್ರೀನ್ ಕಾಫಿ. ಇದರ ಹಿಂದೆ ನಮ್ಮ ಬೆಂಗಳೂರು ಸೇರಿಕೊಂಡಿರುವ ಒಂದು ಕಥೆ ಇದೆ. ಹುರಿಯದ ಕಾಫಿಬೀಜದ ಸಾರ ಕೊಟ್ಟರೆ 22 ವಾರದಲ್ಲಿ ಎಂಟು ಕೆಜಿ ಇಳಿಯುತ್ತದೆ ಅಂತ 2012ರಲ್ಲಿ ಒಂದು ಸಂಶೋಧನಾ ಲೇಖನ ಬಂತು. ಪ್ರಯೋಗ ನಡೆದದ್ದು ಬೆಂಗಳೂರಿನಲ್ಲಿ, ಹಣ ಕೊಟ್ಟದ್ದು ಆ ಸಾರ ಮಾರುವ ಅಮೆರಿಕದ ಕಂಪನಿ. ಪಾಲ್ಗೊಂಡವರು 16 ಜನ. ಅಲ್ಲಿನ ಟೀವಿಯಲ್ಲಿ ಅದನ್ನು ಪವಾಡ ಅಂತ ಹೊಗಳಿದ ಮೇಲೆ ಜನ ಮುಗಿಬಿದ್ದು ಕೊಂಡರು. ಆಮೇಲೆ ಗ್ರಾಹಕರಿಗೆ ಮೋಸವಾಗದಂತೆ ನೋಡಿಕೊಳ್ಳುವ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕಾಗದಪತ್ರ ತೆಗೆಸಿ ನೋಡಿತು. ತೂಕದ ಅಂಕಿಗಳನ್ನು ಮತ್ತೆ ಮತ್ತೆ ತಿದ್ದಿದ್ದಾರೆ, ಪ್ರಯೋಗದ ಅವಧಿ ಬದಲಾಯಿಸಿದ್ದಾರೆ, ಯಾರಿಗೆ ಸಾರ ಯಾರಿಗೆ ಸುಳ್ಳು ಗುಳಿಗೆ ಅನ್ನುವುದನ್ನೂ ಕಲಸಿದ್ದಾರೆ ಅಂತ ದೂರು ಹೂಡಿತು. 2014ರಲ್ಲಿ ಆ ಕಂಪನಿ 35 ಲಕ್ಷ ಡಾಲರ್ ಕಟ್ಟಲು ಒಪ್ಪಿತು, ಲೇಖನವನ್ನೂ ಹಿಂದಕ್ಕೆ ಪಡೆದರು. ಇಷ್ಟೆಲ್ಲ ಆದಮೇಲೂ ಅದೇ ‘ಎಂಟು ಕೆಜಿ’ ಇವತ್ತಿಗೂ ಜಾಹೀರಾತುಗಳಲ್ಲಿ ಓಡಾಡುತ್ತಿದೆ.

ಬರೀ ದುಡ್ಡು ದಂಡ ಆಗುವುದಾದರೆ ಹೋಗಲಿ ಅನ್ನಬಹುದಿತ್ತು. ‘ಸ್ಲಿಮ್ಮಿಂಗ್ ಕಾಫಿ’ ಹೆಸರಲ್ಲಿ ಮಾರುವ ಎಷ್ಟೋ ಪುಡಿಗಳಲ್ಲಿ ಸಿಬುಟ್ರಮಿನ್ ಅನ್ನುವ ಔಷಧ ಗುಟ್ಟಾಗಿ ಬೆರೆಸಿರುವುದನ್ನು ಅಮೆರಿಕದ ಔಷಧ ನಿಯಂತ್ರಕರು ಪದೇಪದೇ ಪತ್ತೆ ಮಾಡಿದ್ದಾರೆ. ಇದು ಹಸಿವು ಕಟ್ಟುವ ಔಷಧ. ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಇದೆ ಅಂತ 2010ರಲ್ಲಿ ಅಮೆರಿಕ, ಯುರೋಪಿನಲ್ಲಿ ಮಾರುಕಟ್ಟೆಯಿಂದ ತೆಗೆದರು, ನಂತರ ಭಾರತದಲ್ಲೂ ನಿಷೇಧಿಸಿದರು. ಸ್ಯಾಚೆ ಕುಡಿದವರಿಗೆ ‘ಹಸಿವೇ ಆಗಲ್ಲ, ಬಾಯಿ ಒಣಗುತ್ತೆ, ಎದೆ ಡವಡವ ಅನ್ನುತ್ತೆ’ ಅನ್ನಿಸಿದರೆ ಅದು ಕಾಫಿಯ ಗುಣ ಅಂತ ಸಂತೋಷಪಡಬೇಡಿ. ನಾದಿನಿಯವರು ತಾವೂ ಕುಡಿಯುತ್ತಿದ್ದರೆ ಅವರಿಗೂ ಈ ಮಾತು ತಲುಪಿಸಿ. ಜಗಳ ಆದರೂ ಪರವಾಗಿಲ್ಲ.

ಹಾಗಾದರೆ ನೀವು ಏನು ಮಾಡಬಹುದು?

ಅತ್ತೆ ಹೇಳಿದಂತೆ ಕಾಫಿ ಪೂರ್ತಿ ಬಿಡುವುದು ಒಂದು ದಾರಿ. ನಿದ್ದೆ, ಎದೆಯುರಿ, ರಕ್ತ, ಮಾತ್ರೆ ನಾಲ್ಕಕ್ಕೂ ಒಳ್ಳೆಯದು. ಆದರೆ ಒಂದೇ ದಿನಕ್ಕೆ ನಿಲ್ಲಿಸಬೇಡಿ. ಆರು ಲೋಟ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗುತ್ತದೆ. ಸಿಡುಕು, ಮಂಪರು ಬರುತ್ತದೆ. ಎರಡು ದಿನದಿಂದ ಒಂಬತ್ತು ದಿನದವರೆಗೂ ಇರಬಹುದು. ಆ ತಲೆನೋವಿಗೆ ಮಾತ್ರೆ ನುಂಗಿ, ಸಿಡುಕಿಗೆ ಸಿಹಿ ತಿಂದು, ನಾಲ್ಕನೇ ದಿನ ಸೋತು ಮತ್ತೆ ಆರಕ್ಕೇ ಹೋಗುವವರನ್ನು ಬೇಕಾದಷ್ಟು ನೋಡಿದ್ದೇನೆ. ಮೈಸೂರಿನಲ್ಲಿ ಕೂತು ಕೆಲಸ ಮಾಡುವ ನನಗೆ ‘ಕಾಫಿ ಬಿಡಿ’ ಅಂತ ಯಾರಿಗಾದರೂ ಹೇಳುವುದಕ್ಕೆ ಧೈರ್ಯವೂ ಕಮ್ಮಿ, ಮನಸ್ಸೂ ಇಲ್ಲ.

ಈಗಿನಂತೆಯೇ ತಿಂಡಿ ಬಿಟ್ಟು ಮುಂದುವರಿಯುವುದು ಇನ್ನೊಂದು. ತಿಂಡಿ ಬಿಟ್ಟರೆ ದಪ್ಪ ಆಗುತ್ತಾರೆ ಅನ್ನುವ ಮಾತಿಗೆ ಗಟ್ಟಿ ಪುರಾವೆ ಇಲ್ಲ, ಅದೂ ಒಂದು ನಂಬಿಕೆಯೇ. ಬೆಳಿಗ್ಗೆ ಹಸಿವಾಗದೆ, ಮಧ್ಯಾಹ್ನ ನೆಮ್ಮದಿಯಾಗಿ ಊಟ ಮಾಡುವವರಿಗೆ ಅದು ಒಗ್ಗುತ್ತದೆ. ನಿಮಗೆ ಒಗ್ಗಿಲ್ಲ. ಐದು ತಿಂಗಳ ಪ್ರಯೋಗದ ಫಲಿತಾಂಶ ತೂಕದ ಯಂತ್ರವೇ ಹೇಳಿದೆ. ರಕ್ತ ಕಮ್ಮಿ ಇರುವ, ಎದೆಯುರಿ ಇರುವ, ನಾಲ್ಕು ಪೀರಿಯಡ್ ನಿಂತು ಪಾಠ ಮಾಡುವವರಿಗೆ ಇದನ್ನು ನಾನು ಹೇಳುವುದಿಲ್ಲ.

ನಾನು ಹೇಳುವುದು ದಿನಕ್ಕೆ ಎರಡು ಹಾಲಿನ ಕಾಫಿ, ಬೇಕಾದರೆ ಅರ್ಧ ಲೋಟದ ಮೂರನೆಯದು. ಎಲ್ಲಿ ಯಾವಾಗ ಅನ್ನುವುದು ಮುಖ್ಯ. ಎದ್ದ ಕೂಡಲೇ ಮಾತ್ರೆ ಮತ್ತು ನೀರು. ಸ್ನಾನ, ಅಡುಗೆ ಮುಗಿಯುವಷ್ಟರಲ್ಲಿ ಒಂದು ಗಂಟೆ ಆಗಿರುತ್ತದೆ. ಆಗ ಮೊದಲ ಕಾಫಿ. ಅದಾಗಿ ಆದಷ್ಟು ಹೊತ್ತು ಬಿಟ್ಟು ತಿಂಡಿ. ಶಾಲೆಗೆ ಹೊರಡುವ ಧಾವಂತದಲ್ಲಿ ಇದು ಕಷ್ಟ ಅಂತ ಗೊತ್ತು. ಆಗದಿದ್ದರೆ ತಿಂಡಿಯನ್ನು ಡಬ್ಬಿಗೆ ಹಾಕಿಕೊಂಡು ಹೋಗಿ, ಹನ್ನೊಂದಕ್ಕೆ ಸ್ಟಾಫ್ ರೂಮಿನಲ್ಲಿ ಕಾಫಿಯ ಜಾಗದಲ್ಲಿ ಅದನ್ನೇ ತಿನ್ನಿ. ಹೆಸರುಕಾಳು ದೋಸೆ, ಕಡಲೆಕಾಳು ಉಸಲಿ, ತಿನ್ನುವವರಾದರೆ ಎರಡು ಮೊಟ್ಟೆ, ಹೀಗೆ ಹೊಟ್ಟೆಯಲ್ಲಿ ನಿಲ್ಲುವಂಥದ್ದು. ಊಟದ ನಂತರದ ಕಾಫಿಯನ್ನು ತೆಗೆದುಬಿಡಿ. ಎರಡನೆಯ ಕಾಫಿ ಸಂಜೆ ಮನೆಗೆ ಬಂದಮೇಲೆ, ಐದು ಗಂಟೆಯೊಳಗೆ. ಅದಕ್ಕೆ ಎರಡನೇ ಡಿಕಾಕ್ಷನ್ ಬಳಸಿ. ಕೆಫೀನಿನ ಹೆಚ್ಚು ಪಾಲು ಮೊದಲನೇ ಡಿಕಾಕ್ಷನ್ನಿಗೇ ಇಳಿದಿರುತ್ತದೆ, ಎರಡನೆಯದರಲ್ಲಿ ಪರಿಮಳಕ್ಕಷ್ಟು ಉಳಿದಿರುತ್ತದೆ. ಕಾಫಿ ಪ್ರಿಯರು ನನ್ನನ್ನು ಬೈಯಬಹುದು.

ರಾತ್ರಿ ಪೇಪರ್ ತಿದ್ದುವಾಗ ಕೈಗೆ ಬಿಸಿ ಲೋಟ ಬೇಕು ಅನ್ನಿಸುವುದು ಸಹಜ. ಜೀರಿಗೆ-ಕೊತ್ತಂಬರಿ ಕಷಾಯ ಮಾಡಿಕೊಳ್ಳಿ, ಬೆಲ್ಲ ಸುರಿಯಬೇಡಿ. ಕಮ್ಮಿ ಮಾಡುವಾಗ ಮೊದಲು ರಾತ್ರಿಯದ್ದನ್ನು ತೆಗೆಯಿರಿ. ಮೂರ್ನಾಲ್ಕು ದಿನ ಬಿಟ್ಟು ಊಟದ ನಂತರದ್ದನ್ನು, ಇನ್ನು ಮೂರ್ನಾಲ್ಕು ದಿನಕ್ಕೆ ನಿಂಬೆಹಣ್ಣಿನ ಎರಡನ್ನೂ ಒಂದೊಂದಾಗಿ (ಅವುಗಳ ಜಾಗಕ್ಕೆ ಬೆಳಗಿನ ಆ ಒಂದು ಹಾಲಿನ ಕಾಫಿ), ಕೊನೆಗೆ ಹನ್ನೊಂದರದ್ದನ್ನು. ತಲೆನೋವು ಬರದೆ ಇಳಿಯಬಹುದು. ಸಕ್ಕರೆಯದ್ದೂ ಹಾಗೇ. ತುಂಬಿದ ಎರಡು ಚಮಚದಿಂದ ಸಮ ಮಾಡಿದ ಒಂದಕ್ಕೆ ಬರಲು ಎರಡು ಮೂರು ವಾರ ಕೊಡಿ. ನಾಲಿಗೆ ಒಗ್ಗಿಕೊಳ್ಳುತ್ತದೆ. ಆಮೇಲೆ ಹೋಟೆಲಿನ ಕಾಫಿ ಪಾಯಸದಂತೆ ಅನ್ನಿಸಲು ಶುರುವಾಗುತ್ತದೆ. ಹೊರಗೆ ಕುಡಿಯುವಾಗ ‘ಸಕ್ಕರೆ ಬೇರೆ ಕೊಡಿ’ ಅನ್ನಿ, ಇಲ್ಲವೇ ಜೊತೆಯವರೊಂದಿಗೆ ಬೈಟು ಮಾಡಿಕೊಳ್ಳಿ.

ಕೆಫೀನ್ ನಿಜವಾಗಿ ಕೆಲಸಕ್ಕೆ ಬರುವ ಜಾಗ ಒಂದಿದೆ. ನಡೆಯುವ, ಓಡುವ, ಸೈಕಲ್ ತುಳಿಯುವ ಮುಂಚೆ ತೆಗೆದುಕೊಂಡರೆ ಆಯಾಸ ಕಮ್ಮಿ ಅನ್ನಿಸಿ ಇನ್ನಷ್ಟು ಹೊತ್ತು ಮಾಡಬಹುದು. ಕ್ರೀಡಾಪಟುಗಳಲ್ಲಿ ಇದು ಚೆನ್ನಾಗಿ ಸಾಬೀತಾಗಿದೆ. ಸಂಜೆಯ ಕಾಫಿ ಕುಡಿದು ಅರ್ಧ ಗಂಟೆಗೆ ಚಪ್ಪಲಿ ಮೆಟ್ಟಿ ನಲವತ್ತು ನಿಮಿಷ ಜೋರಾಗಿ ನಡೆದರೆ, ಆ ಕಾಫಿ ತನ್ನ ಐದಾರು ಕ್ಯಾಲೊರಿಗಿಂತ ಎಷ್ಟೋ ಪಾಲು ಹೆಚ್ಚು ಕೊಡುತ್ತದೆ. ಇದಕ್ಕಾಗಿ ಜಿಮ್ಮಿನವರು ಮಾರುವ ಕೆಫೀನ್ ಮಾತ್ರೆ, ಪುಡಿ ಬೇಡ. ಒಂದೇ ಸಲಕ್ಕೆ 200 ಮಿಲಿಗ್ರಾಂ ದಾಟುವುದು ಸುಲಭ, ಎದೆ ಬಡಿತ ಏರುಪೇರಾದರೆ ಸಂಭಾಳಿಸುವುದು ಕಷ್ಟ.

ಇದನ್ನೆಲ್ಲ ಮಾಡಿದರೆ ಎಷ್ಟು ಇಳಿಯುತ್ತದೆ ಅಂತ ಕೇಳಿದರೆ, ಕಾಫಿ-ಸಕ್ಕರೆಯ ಬದಲಾವಣೆಯಿಂದ ದಿನಕ್ಕೆ 250-300 ಕ್ಯಾಲೊರಿ ಕಮ್ಮಿಯಾಗಬಹುದು. ಹನ್ನೊಂದರ ತಿಂಡಿ ಅದರಲ್ಲಿ ಬಹುಪಾಲು ವಾಪಸ್ ತೆಗೆದುಕೊಳ್ಳುತ್ತದೆ, ಬಿಟ್ಟ ಬಿಸ್ಕತ್ ಮತ್ತು ನಡಿಗೆ ಅದನ್ನು ತುಂಬಿಕೊಡುತ್ತವೆ. ತಿಂಗಳಿಗೆ ಒಂದು ಕೆಜಿ ಇಳಿದರೂ ಚೆನ್ನಾಗಿ ಇಳಿಯುತ್ತಿದೆ ಅಂತಲೇ ತಿಳಿಯಿರಿ. ಮೊದಲ ತಿಂಗಳ ಮೂರು ಕೆಜಿಯ ಆಸೆ ಇಟ್ಟುಕೊಳ್ಳಬೇಡಿ.

ಥೈರಾಯ್ಡ್ ಮಾತ್ರೆಯ ಸಮಯ ಬದಲಾಯಿಸಿದ್ದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ಆರರಿಂದ ಎಂಟು ವಾರ ಬಿಟ್ಟು ಟಿ.ಎಸ್.ಎಚ್. (ಥೈರಾಯ್ಡ್ ರಕ್ತಪರೀಕ್ಷೆ) ಮತ್ತೆ ಮಾಡಿಸಿ, ಯಾಕೆಂದರೆ ಈಗ ಅದೇ ಮಾತ್ರೆ ಜಾಸ್ತಿ ಒಳಗೆ ಹೋಗುತ್ತದೆ, ಡೋಸ್ ಕಮ್ಮಿ ಮಾಡಬೇಕಾಗಿಯೂ ಬರಬಹುದು. ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ ಒಂದನ್ನು ಮಾಡಿಸಿದರೆ ಕಬ್ಬಿಣದಂಶ ಎಷ್ಟು ಖಾಲಿಯಾಗಿದೆ ಗೊತ್ತಾಗುತ್ತದೆ. ಕಾಫಿ ಕಮ್ಮಿ ಮಾಡಿ ಮೂರು ವಾರವಾದರೂ ಎದೆಯುರಿ ಹಾಗೇ ಇದ್ದರೆ ಹೊಟ್ಟೆಯ ಡಾಕ್ಟರನ್ನು ನೋಡಿ. ನುಂಗುವಾಗ ನೋವು, ಮಲ ಕಪ್ಪಗೆ ಹೋಗುವುದು ಕಂಡರೆ ಆ ಮೂರು ವಾರ ಕಾಯದೆ ಕೂಡಲೇ ನೋಡಿ. ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವಾಗಲೂ ಮಲ ಕಪ್ಪಾಗುತ್ತದೆ, ಹಾಗಾಗಿ ಮಾತ್ರೆ ಶುರುವಾಗಿದೆಯಾ ಇಲ್ಲವಾ ಅನ್ನುವುದನ್ನು ಅವರಿಗೆ ಮೊದಲೇ ಹೇಳಿ.